ಹನ್ನೊಂದು ಸೆಕೆಂಡು

"ಹರಾಜು ಕೂಗೋವನ ಹಾಗೆ ಮಾತಾಡ್ತೀನಂತೆ. ನಾನು!"

ಆರ್ವೊ ಲಾಕ್ಕೋನೆನ್ ವಿದ್ಯಾರ್ಥಿಗಳ ಅಭಿಪ್ರಾಯದ ಹಾಳೆಯನ್ನು ಹೆಲ್ಕಾಳ ಮೇಜಿನ ಮೇಲಿಟ್ಟು, ಹಿಮ ಮೆತ್ತಿದ ಟೋಪಿ ತೆಗೆದರು. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದ ಆನ್‌ಲೈನ್ ಬೋಧನೆಯ ನೆರವು ಘಟಕದಲ್ಲಿ ಅವಳೊಬ್ಬಳೇ ಇದ್ದಳು.

ಹಾಳೆ ಓದಿದ ಹೆಲ್ಕಾ ನಗು ತಡೆಯಲು ನೋಡಿದಳು, ಆಗಲಿಲ್ಲ. "ನಿಮಗಾ ಈ ಮಾತು? ನೀವು ಒಂದ್ಸಲ 'ಹೂಂ' ಅನ್ನೋಷ್ಟರಲ್ಲಿ ನನ್ನ ಕಾಫಿ ಆರಿಹೋಗಿರುತ್ತೆ."

"ನಗಬೇಡಮ್ಮ. ಈ ಪಾಠ ಇರಬೇಕೋ ಬೇಡ್ವೋ ಅಂತ ಶುಕ್ರವಾರ ಸಮಿತಿ ಕೂರುತ್ತೆ."

ಅವಳ ನಗು ನಿಂತಿತು. ಮೂವತ್ತೊಂದು ವರ್ಷ ತರಗತಿಯಲ್ಲಿ ಹೇಳಿದ ಜೌಗುನೆಲದ ಪಾಠವನ್ನು ಆರ್ವೊ ಹಿಂದಿನ ಶರತ್ಕಾಲದಲ್ಲಿ ಹದಿನಾಲ್ಕು ಉಪನ್ಯಾಸಗಳಾಗಿ ರೆಕಾರ್ಡ್ ಮಾಡಿದ್ದರು. ಐದು ವಿಶ್ವವಿದ್ಯಾಲಯಗಳ ಅರವತ್ತೆರಡು ವಿದ್ಯಾರ್ಥಿಗಳು ಅದನ್ನು ಕೇಳುತ್ತಿದ್ದರು. ಪಾಠ ಉಳಿಯಬೇಕಾದರೆ ಅವರಿಂದ ಐದಕ್ಕೆ ಮೂರು ಅಂಕ ಬೇಕು. ಬಂದದ್ದು ಒಂದೂ ಮುಕ್ಕಾಲು.

ಹೆಲ್ಕಾ ಮೂರನೆಯ ಉಪನ್ಯಾಸ ಹಚ್ಚಿದಳು. ಆರ್ವೊರ ದನಿಯೇ, ಆದರೆ ವಾಕ್ಯದ ಬಾಲಕ್ಕೆ ಇನ್ನೊಂದು ವಾಕ್ಯ ಅಂಟಿಕೊಂಡು ಓಡುತ್ತಿತ್ತು. ನಲವತ್ತೈದು ನಿಮಿಷದ ಪಾಠ ಇಪ್ಪತ್ತಾರಕ್ಕೆ ಮುಗಿಯಿತು.

"ಅಯ್ಯೋ," ಎಂದಳು. ಕಿವಿ ಕೆಂಪಾಗಿತ್ತು. "ಇದು ನನ್ನ ಕೆಲಸ. ಅರ್ಧ ಸೆಕೆಂಡಿಗಿಂತ ಜಾಸ್ತಿ ಮೌನ ಇದ್ರೆ ಹೊಸ ತಂತ್ರಾಂಶ ತಾನೇ ಕತ್ತರಿಸುತ್ತೆ. ಕೇಳೋರಿಗೆ ಬೇಸರ ಆಗದೆ ಇರಲಿ ಅಂತ ನಾನೇ ಹಾಕಿದ್ದೆ."

"ನನ್ನ ಮೌನಾನಾ?"

"ಹದಿನಾಲ್ಕು ಪಾಠದ್ದೂ."

ಆರ್ವೊ ಟೋಪಿಯನ್ನು ತಿರುಗಿಸುತ್ತ ಕುಳಿತರು. ಕೊನೆಗೆ, "ಹೋದದ್ದು ಸಿಗುತ್ತಾ?" ಎಂದರು.

ಮೂಲ ಪ್ರತಿಗಳನ್ನು ವಿಶ್ವವಿದ್ಯಾಲಯದ ಸರ್ವರ್ ತೊಂಬತ್ತು ದಿನಕ್ಕೆ ಅಳಿಸುತ್ತದೆ; ಆ ಗಡುವು ಮುಗಿದಿತ್ತು. ಹೆಲ್ಕಾ ಡ್ರಾಯರ್ ಎಳೆದು, ಮೇಲೆ ಪೆನ್ನಿನಲ್ಲಿ 'ಜೌಗು' ಎಂದು ಬರೆದಿದ್ದ ಹಾರ್ಡ್ ಡಿಸ್ಕ್ ತೆಗೆದಳು. "ನಮ್ಮ ಸರ್ವರ್ ಮೇಲೆ ನನಗೆ ನಂಬಿಕೆ ಇಲ್ಲ, ಪುಣ್ಯಕ್ಕೆ."

ಅದು ಹಿಮಜಾರಾಟದ ರಜೆಯ ವಾರ. ಮಾರನೆಯ ದಿನ ಅವಳು ಅಪ್ಪನ ಜೊತೆ ಸರೋವರದ ಹಿಮಗಡ್ಡೆ ಕೊರೆದು ಮೀನು ಹಿಡಿಯಲು ಹೋಗುವುದಿತ್ತು. ಹೋಗಲಿಲ್ಲ. ಬುಧವಾರ ಸಂಜೆಯ ಹೊತ್ತಿಗೆ ಹದಿನಾಲ್ಕೂ ಪಾಠಗಳು, ಹೊಸದಾಗಿ ಕೂಡಿಸಿದ ಅಡಿಬರಹಗಳೊಂದಿಗೆ, ಜಾಲತಾಣಕ್ಕೆ ಏರಿದವು. ತಪ್ಪು ತನ್ನದೆಂದು ಅವಳು ಅರವತ್ತೆರಡು ಜನಕ್ಕೂ ಸಮಿತಿಗೂ ಬರೆದಳು. ಪಾಠ ಕೇಳಿ ಮತ್ತೊಮ್ಮೆ ಅಂಕ ಕೊಡಿ ಎಂದು ಬೇಡಿಕೊಂಡಳು.

ಶುಕ್ರವಾರ ಮಧ್ಯಾಹ್ನ ಆರ್ವೊ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ನೆಲಮಾಳಿಗೆಗೆ ಇಳಿದು ಬಂದರು. ರೈ ಧಾನ್ಯದ ಹಿಟ್ಟಿನ ಹಾಳೆಯಲ್ಲಿ ಅನ್ನದ ಗಂಜಿ ತುಂಬಿ ಸುಟ್ಟ ಪಿರಕ್ಕ, ಮೇಲೆ ಮೊಟ್ಟೆ ಕಲಸಿದ ಬೆಣ್ಣೆ.

"ನೀವೇ ಮಾಡಿದ್ದಾ?"

"ಅಂಚು ಸೀದಿದೆ. ತಿನ್ನು." ಜೇಬಿನಿಂದ ಚೀಟಿ ತೆಗೆದರು. "ನಾಲ್ಕೂ ಕಾಲು ಕೊಟ್ಟಿದ್ದಾರೆ. ಪಾಠ ಉಳೀತು. ಸೊದಾನ್‌ಕುಲಾ ಊರಿನ ವಿದ್ಯಾರ್ಥಿನಿ ಒಬ್ಬಳು ಬರೆದಿದ್ದಾಳೆ, ಹರಾಜಿನ ಮಾತು ವಾಪಸ್ ತಗೊಂಡಿದೀನಿ ಅಂತ. ಮೂರನೇ ಪಾಠದಲ್ಲಿ ಅವಳಿಗೆ ಏನೋ ಕೇಳಿಸಿತಂತೆ."

ಹೆಲ್ಕಾ ಬಾಯಿ ಒರೆಸಿಕೊಂಡು ಆ ಪಾಠ ಹಚ್ಚಿದಳು. "ಒಂದು ಮಿಲಿಮೀಟರ್ ಜೌಗುಮಣ್ಣು ಬೆಳೆಯಲು," ಎಂದಿತು ಆರ್ವೊರ ದನಿ, "ಸುಮಾರು ಒಂದು ವರ್ಷ ಬೇಕು." ಆಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ. ಕುರ್ಚಿ ಕಿರ್ರೆಂದಿತು. ಎಲ್ಲೋ ದೂರದಲ್ಲಿ ಮರಕುಟಿಗ ಕುಟ್ಟಿತು.

ಅವಳು ಪಾಠ ನಿಲ್ಲಿಸಿದಳು.

"ಹೆಲ್ಕಾ," ಎಂದರು ಆರ್ವೊ. ಮುಂದಿನ ಮಾತು ಬರಲಿಲ್ಲ. ತಟ್ಟೆಯ ಅಂಚನ್ನೇ ನೋಡುತ್ತ ನಿಂತರು. ಹೊರಗೆ ಮಾಡಿನ ಹಿಮ ಜಾರಿ ಧೊಪ್ಪೆಂದು ಬಿತ್ತು.

ಹೆಲ್ಕಾ ಕೀಲಿಮಣೆಯ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಾದಳು.