ಕಣಜದ ಅಂಗಡಿಯ ಡೀಸೆಲ್ ಟ್ಯಾಂಕು

ಆ ಹಳೆಯ ಜೀಪು ನಮ್ಮ ಅಂಗಡಿ ಮುಂದೆ ನಿಂತಾಗ ಯಾರೋ ದಾರಿ ಕೇಳಲು ಬಂದಿರಬೇಕು ಎಂದುಕೊಂಡೆ. ಯಲಬುರ್ಗಾದಲ್ಲಿ ಜೋಳ, ಕಡಲೆ ತುಂಬಿಡುವ ತಗಡಿನ ಕಣಜ ಮಾಡುವವಳು ನಾನು. ನನ್ನ ಹತ್ತಿರ ಜೀಪಿಗೇನು ಕೆಲಸ? ಇಳಿದವರು ಭವಾನಿ, ಕುಷ್ಟಗಿಯ ದನದ ಡಾಕ್ಟರು. ಊರೂರು ತಿರುಗಿ ಕುರಿಗಾರರ ಹಟ್ಟಿಗಳಲ್ಲಿ ಕುರಿಗಳಿಗೆ ಸೂಜಿ ಹಾಕುವವರು.

"ಮೈಮುನಬಿ ಅಂದ್ರ ನೀವೇನ್ರಿ ಚಾಚಿ? ಈ ಗಾಡಿಗೆ ಇನ್ನೊಂದು ಡೀಸೆಲ್ ಟ್ಯಾಂಕ್ ಬೇಕಾಗೇತ್ರಿ. ಗ್ಯಾರೇಜಿನ ಗೌತಮ ನಿಮ್ಮನ್ನ ಕೇಳ್ರಿ ಅಂದ."

ಗೌತಮ ಎದುರು ಗ್ಯಾರೇಜಿನ ಮೆಕ್ಯಾನಿಕ್. ಯಾರದೋ ಬಾನೆಟ್ಟಿನ ಹಿಂದೆ ತಲೆ ತಗ್ಗಿಸಿ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಅಂವಗ ಹೇಳ್ರಿ ಡಾಕ್ಟರವ್ವ, ಮೊದಲ ಅವನ ಬಾಯಿಗೆ ಒಂದು ಮುಚ್ಚಳ ಮಾಡಿಕೊಡ್ತೀನಂತ."

ಭವಾನಿ ನಗಲಿಲ್ಲ. "ಮಳಿಯಾದ ಎರಿ ಹೊಲದಾಗ ನಾಕೂ ಗಾಲಿ ತಿರುಗಿದ್ರನ ಗಾಡಿ ಮುಂದ ಹೋಗ್ತೈತ್ರಿ. ಹಂಗ ಹೋದ್ರ ಡೀಸೆಲ್ ಭಾಳ ಕುಡಿತೈತಿ. ಕ್ಯಾನಿನ್ಯಾಗ ಒಯ್ದ್ರ ಔಷಧ ಪೆಟ್ಟಿಗೆ, ಬುತ್ತಿಗೆ ಎಲ್ಲಾ ಅದ ವಾಸನಿ. ಹೋದ ವರ್ಷ ನಡುದಾರ್ಯಾಗ ಡೀಸೆಲ್ ಮುಗದು ನಿಂತೆ. ನಾ ಹಟ್ಟಿ ಮುಟ್ಟೋದ್ರಾಗ ಹನ್ನೊಂದು ಕುರಿ ಸತ್ತಿದ್ವು. ಇಷ್ಟು ಹಳೇ ಗಾಡಿಗೆ ದೊಡ್ಡ ಟ್ಯಾಂಕ್ ಕೊಪ್ಪಳದಾಗೂ ಸಿಗವಲ್ದು."

ಹನ್ನೊಂದು ಕುರಿ ಎಂದಾಗ ನನ್ನ ಸಿಟ್ಟು ಇಳಿಯಿತು. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಕೆಲಸ ನನಗೂ ಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸಿದವಳು ನಾನೇ. ಈಗ ರೈತರು ಕಾಳನ್ನು ಕಣದಿಂದಲೇ ಮಾರುತ್ತಾರೆ, ಉಳಿದದ್ದನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬುತ್ತಾರೆ. ಯುಗಾದಿ ಆದಮೇಲೆ ಒಂದು ಕಣಜವೂ ಹೋಗಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯವನು ನನ್ನ ಜಾಗದ ಮೇಲೆ ಕಣ್ಣಿಟ್ಟಿದ್ದ. "ಈ ತಿಂಗಳು ಮುಗಿಯೋದ್ರಾಗ ಕೆಲಸ ಬರಲಿಲ್ಲಂದ್ರ ಅವಗ ಬಿಟ್ಟುಕೊಡೂಣು ಆಪಾ" ಎಂದಿದ್ದ ತಮ್ಮ ಮೆಹರಾಜ. ಸಿಟ್ಟಿನಲ್ಲಿ ನಾನೂ ಹೂಂ ಅಂದುಬಿಟ್ಟಿದ್ದೆ. ಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವುದು ನನ್ನಿಂದಾಗದ ಮಾತು.

"ಮಾಡ್ತೀನಿ" ಎಂದೆ.

ಜೀಪಿನ ಕೆಳಗೆ ಮಲಗಿ ಅಳತೆ ತೆಗೆದೆ. ರಟ್ಟು ಕತ್ತರಿಸಿ ಪೆಟ್ಟಿಗೆ ಮಾಡಿ, ಸೈಲೆನ್ಸರಿಗೂ ಆಕ್ಸಲಿಗೂ ತಾಗದ ಹಾಗೆ ಹಿಡಿದು ನೋಡಿದೆ. ಗೌತಮನಿಗೆ ಈಗ ನಗು ಇರಲಿಲ್ಲ. "ಕಣಜದ ಬಿಳಿ ತಗಡು ಬ್ಯಾಡ್ರಿ ಚಾಚಿ, ಅದರ ಜಿಂಕು ಡೀಸೆಲ್ಲಿಗೆ ಆಗಿಬರಂಗಿಲ್ಲ. ಕಪ್ಪು ತಗಡು ತಗೊಳ್ರಿ" ಎಂದು ಹೇಳಿ, ಬೆಸುಗೆಗೂ ಕೈ ಹಚ್ಚಿದ. ಅರವತ್ತು ಲೀಟರಿನ ಟ್ಯಾಂಕು. ನೀರು ತುಂಬಿ ಎರಡು ದಿನ ಇಟ್ಟೆ, ಒಂದು ಹನಿ ಜಿನುಗಲಿಲ್ಲ. ಅದನ್ನು ಒಣಗಿಸಿ ಗಾಡಿಗೆ ಕೂಡಿಸಿದ ದಿನ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅರ್ಧ ಟ್ಯಾಂಕು ಡೀಸೆಲ್ ಹಾಕಿ ಮೂವರೂ ಊರಾಚೆಯ ಹೊಲಗಳ ಕಡೆ ಹೊರಟೆವು. ಭವಾನಿ ಹೊಸ ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಬಿಡುವ ಕಾಕು ತಿರುಗಿಸಿದರು. ಸಪಾಟು ದಾರಿಯಲ್ಲಿ ಗಾಡಿ ಛಲೋ ಓಡಿತು. ಒಡ್ಡು ಏರುವಾಗ ಕಾಲ ಕೆಳಗೆ ದಡ್ ಎಂದು ಸದ್ದಾಯಿತು, ಗಾಡಿ ಜೋಲಿ ಹೊಡೆಯಿತು, ಎಂಜಿನ್ ಕೆಮ್ಮಿ ನಿಂತೇಬಿಟ್ಟಿತು.

ಗೌತಮ ಕೆಳಗೆ ಇಣುಕಿ ನೋಡಿದ. "ಏರಿನ್ಯಾಗ ಡೀಸೆಲ್ ಎಲ್ಲಾ ಹಿಂದ ಓಡೇತ್ರಿ. ಎಳಕೊಳ್ಳೋ ಪೈಪು ಮುಂದ ಐತಿ."

"ಪೈಪು ಹಿಂದ ಹಾಕಿದ್ರ?" ಎಂದರು ಭವಾನಿ.

"ಇಳಿವಿನ್ಯಾಗ ನಿಲ್ತೈತ್ರಿ."

ನನಗೆ ತಟ್ಟನೆ ಹೊಳೆಯಿತು. ಜೋಳ ಸುರಿದಲ್ಲೇ ಕೂರುತ್ತದೆ, ಅದಕ್ಕೆ ನಾಲ್ಕು ಗೋಡೆ ಸಾಕು. ಡೀಸೆಲ್ ಕೂರುವ ವಸ್ತುವಲ್ಲ. ಇಷ್ಟು ವರ್ಷ ಕಣಜ ಮಾಡಿದ ಕೈ ಗಾಡಿಯ ಕೆಳಗೂ ಒಂದು ಕಣಜವನ್ನೇ ಮಾಡಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಭವಾನಿ ಕಾಕನ್ನು ಹಳೆಯ ಟ್ಯಾಂಕಿಗೆ ತಿರುಗಿಸಿ ಗಾಡಿ ವಾಪಸ್ ತಂದರು. ಯಾರಾದರೂ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ನಳಕ್ಕೆ ಹೋದೆ. ಬಕೆಟ್ಟು ತುಂಬಿದ ಕೂಡಲೇ ಪಕ್ಕದ ಬೇವಿನ ಮರದಿಂದ ಒಂದು ಟೊಂಗೆ ಮುರಿದು ನೀರಿಗೆ ಹಾಕಿ ತಲೆಯ ಮೇಲೆ ಇಟ್ಟುಕೊಂಡೆ. ದಾರಿಯಲ್ಲಿ ನೀರು ತುಳುಕಬಾರದೆಂದು ನಮ್ಮ ಓಣಿಯ ಹೆಂಗಸರೆಲ್ಲ ಹಾಗೆಯೇ ಮಾಡುವುದು. ಎಲೆಗಳು ಅಡ್ಡ ಬಂದು ನೀರಿಗೆ ಓಡಲು ಬಿಡುವುದಿಲ್ಲ. ನಾಲ್ಕು ಹೆಜ್ಜೆ ನಡೆದವಳು ಅಲ್ಲೇ ನಿಂತೆ. ಚಿಕ್ಕವಳಿದ್ದಾಗಿನಿಂದ ನನ್ನ ತಲೆಯ ಮೇಲೆಯೇ ಇದ್ದ ಉಪಾಯ ಅದು. ಬಕೆಟ್ಟನ್ನು ಮನೆಯಲ್ಲಿಟ್ಟು ನೇರ ಗೌತಮನ ಗ್ಯಾರೇಜಿಗೆ ಹೋದೆ.

"ಟ್ಯಾಂಕಿನೊಳಗ ಅಡ್ಡ ತಗಡು ಬೇಕೋ. ಮೂರು. ಡೀಸೆಲ್ ಸಾವಕಾಶ ಹರಿಯಾಕ ಅದರಾಗ ತೂತು. ಪೈಪಿನ ಬುಡಕ್ಕ ಒಂದು ಬೋಗುಣಿ ಕೂಡಸ್ತೀನಿ, ಏರಿರಲಿ ಇಳಿವಿರಲಿ ಅದರಾಗ ಯಾವಾಗಲೂ ಒಂದಿಷ್ಟು ಡೀಸೆಲ್ ನಿಂತಿರ್ತೈತಿ."

ಅವನು ಕೈ ಒರೆಸಿಕೊಂಡ. "ಇದನ್ನ ನಾ ಹೇಳಬೇಕಾಗಿತ್ರಿ ಚಾಚಿ" ಎಂದ.

ಡೀಸೆಲ್ ತುಂಬಿದ್ದ ಟ್ಯಾಂಕಿಗೆ ಮತ್ತೆ ಬೆಸುಗೆಯ ಬೆಂಕಿ ತಾಗಿಸಿದರೆ ಸಿಡಿದೀತು. ಅದನ್ನು ಮೂಲೆಗೆ ಎಸೆದು ಮೊದಲಿನಿಂದ ಶುರು ಮಾಡಿದೆ. ನಾನು ತಗಡಿಗೆ ತೂತು ಹೊಡೆಯುತ್ತಿದ್ದಾಗಲೇ ಮೊಬೈಲ್ ಅಂಗಡಿಯವನು ಬಂದು ಗೋಡೆ ಅಳೆಯತೊಡಗಿದ. ಅವನ ಪಾಡಿಗೆ ಅವನನ್ನು ಬಿಟ್ಟು, ಸುತ್ತಿಗೆ ಮಾತ್ರ ಇನ್ನಷ್ಟು ಜೋರಾಗಿ ಬಡಿದೆ. ಅವನು ಕಿವಿ ಮುಚ್ಚಿಕೊಂಡು ಹೋದ.

ಎರಡನೆಯ ಟ್ಯಾಂಕು ಕೂಡಿಸಿದ ದಿನ ಮಳೆ ಹಿಡಿದಿತ್ತು. ಅದೇ ಒಡ್ಡಿಗೆ ಹೋದೆವು. ಎರೆ ಮಣ್ಣು ಗಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಅಂಟಿತು. ಭವಾನಿ ನಾಲ್ಕು ಗಾಲಿಗೂ ಗೇರು ಹಾಕಿ ಏರಿಸಿದರು. ನಾನು ಕಣ್ಣು ಮುಚ್ಚಿ ಸದ್ದಿಗೆ ಕಾದೆ. ದಡ್ ಎನ್ನಲಿಲ್ಲ. ಗಾಡಿ ಏರಿತು, ಇಳಿಯಿತು, ಮತ್ತೆ ಏರಿತು. ಅಲ್ಲಿಂದ ನಮ್ಮಿಬ್ಬರನ್ನು ಊರಿಗೆ ತಂದು ಬಿಟ್ಟವರೇ ಭವಾನಿ ಎರಡೂ ಟ್ಯಾಂಕು ತುಂಬಿಸಿಕೊಂಡು ಹಟ್ಟಿಗಳ ಕಡೆ ಹೋದರು.

ಐದು ದಿನ ಅವರ ಸುದ್ದಿಯಿಲ್ಲ, ಫೋನು ಹತ್ತಲಿಲ್ಲ. ಎಲ್ಲೋ ನಿಂತೇಬಿಟ್ಟಿದೆ, ಮತ್ತೆ ಕುರಿ ಸತ್ತಿವೆ, ಈ ಸಲ ಅದು ನನ್ನ ತಲೆಗೆ ಎಂದು ಅನ್ನ ಸೇರಲಿಲ್ಲ. ತಿಂಗಳ ಕೊನೆಯ ದಿನ ಮೆಹರಾಜ ಬಂದ.

"ಆಪಾ, ಇವತ್ತ ಮೂವತ್ತೊಂದು" ಎಂದ. ಪಾಪ, ಅವನಿಗೂ ಹೇಳಲು ಮನಸ್ಸಿರಲಿಲ್ಲ. ನಾನು ಸುತ್ತಿಗೆ, ಕತ್ತರಿಗಳನ್ನು ಚೀಲಕ್ಕೆ ತುಂಬತೊಡಗಿದೆ.

ಅಷ್ಟರಲ್ಲಿ ಜೀಪು ಬಂತು. ಕಿಟಕಿಯವರೆಗೂ ಕೆಸರು. ಅದರ ಹಿಂದೆಯೇ ಇನ್ನೊಂದು, ಅದಕ್ಕಿಂತ ಹಳೆಯದು.

ಭವಾನಿ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಎಂಟು ಹಟ್ಟಿ ಮುಗಿಸಿ, ಮರಳಿ ಅನ್ನೋ ಊರ ಕಡೆ ಇಳಿದಿದ್ದ ಕುರಿಗೂ ಸೂಜಿ ಹಾಕಿ ಬಂದೆ ಚಾಚಿ. ಎಲ್ಲೂ ನಿಲ್ಲಲಿಲ್ಲ. ಈ ಸಲ ಒಂದು ಕುರಿನೂ ಸತ್ತಿಲ್ಲ." ಹಿಂದಿನ ಗಾಡಿಯವನನ್ನು ತೋರಿಸಿದರು. "ಇವರು ಮರಳಿಯ ಹಾಲೇಶ. ಭತ್ತ ಕೊಯ್ಯೋ ಮಿಷನ್ ಹಿಂದ ಊರೂರು ತಿರುಗ್ತಾರ. ನನ್ನ ಗಾಡಿ ಕೆಳಗ ಬಗ್ಗಿ ನೋಡಿದವರು ಬೆನ್ನು ಬಿಡವಲ್ರು."

ಹಾಲೇಶ ಮೆಹರಾಜನಿಗೆ ಕೈ ಮುಗಿದ. "ಮುಂದಿನ ತಿಂಗಳು ಕಟಾವು ಐತ್ರಿ. ಅಷ್ಟರಾಗ ನನಗೊಂದು ಮಾಡಿಕೊಡ್ರಿ. ನಮ್ಮವು ಇನ್ನೂ ಎರಡು ಗಾಡಿ ಬರೋವು ಅದಾವ್ರಿ."

"ನಾ ಅಲ್ರಿ" ಎಂದು ಮೆಹರಾಜ ನನ್ನತ್ತ ಕೈ ತೋರಿಸಿದ. ನನಗೆ ಅಳು ಬಂದೇಬಿಟ್ಟಿತು. ಅದನ್ನು ಮುಚ್ಚಲು, ಎದುರಿಗೆ ಹಲ್ಲು ಕಿಸಿದು ನಿಂತಿದ್ದ ಗೌತಮನನ್ನು ಸುಮ್ಮನೆ ಬೈದೆ. ಬೈಯುತ್ತಲೇ ಹಾಲೇಶನ ಗಾಡಿಯ ಕೆಳಗೆ ತೂರಿಕೊಂಡೆ.

ಕೆಳಗೆ ಮಲಗಿದ್ದಾಗ ಮೆಹರಾಜನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅವನು ಪಕ್ಕದ ಮೊಬೈಲ್ ಅಂಗಡಿಯ ಬಾಗಿಲಿಗೆ ಹೋಗಿ ನಿಂತ.

"ಇಲ್ರಿ, ಜಾಗ ಖಾಲಿ ಆಗಂಗಿಲ್ಲ" ಎನ್ನುತ್ತಿದ್ದ. "ನಮ್ಮ ಆಪಾಗ ಭಾಳ ಕೆಲಸ ಐತಿ."