ಸುಣ್ಣದ ವೃತ್ತ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಗಂಜಿಯಮ್ಮ ಎಂದೇ ಹೆಸರು. ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗೆ ಸೆಟೆದು ನಿಲ್ಲುವ ಹೆಂಗಸು. ಆ ಸೆಟೆತ ಈಗ ಕೆಲಸಕ್ಕೆ ಬಂದಿತ್ತು. ಆಸ್ಪತ್ರೆಯ ಗೇಟಿನೆದುರು ಸುಣ್ಣದಲ್ಲಿ ಎಳೆದ ವೃತ್ತದೊಳಗೆ, "ಕೈಗವಸು ಕೊಡಿ" ಎಂಬ ಫಲಕ ಹಿಡಿದು ಒಬ್ಬಳೇ ನಿಂತಿದ್ದಳು.

ಜ್ವರದ ಕಾಲ, ಗುಂಪು ಸೇರುವಂತಿಲ್ಲ. ಪ್ರತಿಭಟಿಸುವುದು ನಿಮ್ಮ ಹಕ್ಕು, ಆದರೆ ಒಬ್ಬೊಬ್ಬರೇ ನಿಲ್ಲಿ ಎಂದು ಅಧಿಕಾರಿಗಳು ದೊಡ್ಡ ಮನಸ್ಸು ಮಾಡಿದ್ದರು. ಹಗಲಲ್ಲಿ ವೃತ್ತ ಒಂದು ಗಳಿಗೆ ಖಾಲಿಯಾದರೂ ಪರವಾನಗಿ ರದ್ದು. ಒಗೆಯುವವರು ತಮ್ಮ ಪಾಳಿಯ ಪದ್ಧತಿಯನ್ನೇ ಬೀದಿಗೆ ತಂದರು: ಮುಂದಿನವರ ಕೈಗೆ ಕೊಡದೆ ಹಿಂದಿನವರು ಜಾಗ ಬಿಡುವಂತಿಲ್ಲ. ಫಲಕ ಕೈಯಿಂದ ಕೈಗೆ ಹೋಗುತ್ತ ಒಂಬತ್ತು ದಿನ ಕಳೆದಿತ್ತು. ನಾಳೆ ಮಾತುಕತೆಗೆ ಕರೆಯುತ್ತಾರೆಂದು ಒಳಗಿನಿಂದ ಸುದ್ದಿಯೂ ಬಂದಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಅವಳಿಗೆ ಚಳಿ ಹತ್ತಿತು. ಬಿಸಿಲು ನೆತ್ತಿ ಸುಡುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ಕೆಮ್ಮು ನುಂಗಿದಳು. ಬರೀ ದಣಿವು ಎಂದು ತನಗೇ ಸುಳ್ಳು ಹೇಳಿಕೊಂಡಳು.

ದೊಡ್ಡಕ್ಕನೂ ಹೀಗೇ ಅಂದಿದ್ದಳು. ಇಪ್ಪತ್ತು ವರ್ಷ ಪಕ್ಕದ ತೊಟ್ಟಿಯಲ್ಲಿ ಒಗೆದವಳು, ಗಂಜಿಯಮ್ಮನ ಸುಖದುಃಖ ಕೇಳುತ್ತಿದ್ದ ಒಂದೇ ಜೀವ. ಜ್ವರದ ವಾರ್ಡಿನ ಬಟ್ಟೆಗಂಟನ್ನು ಅವಳ ಬರಿಗೈಗೆ ದಾಟಿಸಿದವಳು ಗಂಜಿಯಮ್ಮನೇ. ಪಾಳಿ ಮುಗಿದಿತ್ತು, ಮನೆಗೆ ಹೋಗಿ ಕಡಿದು ಹಾಕುವುದೇನೂ ಇಲ್ಲದಿದ್ದರೂ ಹೊರಡುವ ಅವಸರ. ಹದಿಮೂರನೇ ದಿನ ದೊಡ್ಡಕ್ಕ ತೀರಿಹೋದಳು. ಆ ಗಂಟಿನ ವಿಷಯವನ್ನು ಇವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ರಸ್ತೆಯ ತುದಿಯಲ್ಲಿ ಮುಂದಿನ ಪಾಳಿಯವನು ಕಾಣಿಸಿದ, ಬಟ್ಟೆಗಂಟಿನ ಗಾಡಿ ತಳ್ಳುವವನು. ದೂರದಿಂದಲೇ ಕೈ ಚಾಚಿಕೊಂಡು ಬರುತ್ತಿದ್ದ.

"ಅಲ್ಲೇ ನಿಲ್ಲಪ್ಪಾ! ಹತ್ತಿರ ಬರಬೇಡ!"

"ಯಾಕಕ್ಕಾ?"

"ಜ್ವರ ಬಂದಿದೆ ಕಣೋ."

ಗಾಡಿಯವನು ಗಕ್ಕನೆ ನಿಂತ. ವೃತ್ತ ಕಾಯಲು ಗೇಟಿನ ಬಳಿ ನಿಂತಿದ್ದ ಪೊಲೀಸಿನವನ ಕಡೆಗೊಮ್ಮೆ ನೋಡಿದ. "ನಾನು ಒಳಗೆ ಬರೋ ಮುಂಚೆ ನೀನು ಆಚೆ ಬಂದ್ರೆ ಎಲ್ಲಾ ಹೋಯ್ತು, ಅಕ್ಕಾ. ನಾಳೆ ಒಂದಿನ ತಾನೆ? ಕೊಡು, ಆಗಿದ್ದಾಗ್ಲಿ. ನಾನು ಹಿಡ್ಕೋತೀನಿ."

ಮತ್ತೆ ಕೈ ಚಾಚಿದ. ಬರಿಗೈ.

ಫಲಕವನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಸುಣ್ಣದ ಗೆರೆ ದಾಟಿದಳು.

ಪೊಲೀಸಿನವನು ಗಡಿಯಾರ ನೋಡಿದ. "ಮುಗೀತಾ, ತಾಯಿ?"

"ಮುಗೀತು. ಬರ್ಕೊಳ್ಳಿ. ದೂರ ನಿಂತು ಬರ್ಕೊಳ್ಳಿ."

ಬೆನ್ನ ಹಿಂದೆ ಗಾಡಿಯವನು ಬೈಯುತ್ತಿದ್ದನೋ ಅಳುತ್ತಿದ್ದನೋ, ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಯಾರ ಹತ್ತಿರವೂ ಸುಳಿಯದಂತೆ ರಸ್ತೆಯ ನಡುವೆಯೇ ನಡೆದು ತನ್ನ ಒಂಟಿ ಕೋಣೆ ಸೇರಿದಳು, ಒಳಗಿನಿಂದ ಚಿಲಕ ಹಾಕಿದಳು. ಫಲಕವನ್ನು ಗೋಡೆಗೆ ಒರಗಿಸಿ ಅದರೆದುರು ಕುಸಿದು ಕೂತಳು.

"ಈ ಸಲ ಕೊಡ್ಲಿಲ್ಲ ಕಣೇ, ದೊಡ್ಡಕ್ಕಾ," ಎಂದಳು.

ಕೆಮ್ಮು ಬಂತು. ಇಲ್ಲಿ ಅದನ್ನು ನುಂಗುವ ಅಗತ್ಯವಿರಲಿಲ್ಲ.