ಧಾರೇಶ್ವರದ ಹದಿನಾಲ್ಕು ನಿಮಿಷ

ದುರ್ಗಪ್ಪನ ಲಾರಿ ದಿನಾ ಬೆಳಿಗ್ಗೆ ಧಾರೇಶ್ವರ ದಾಟಿ ಸ್ವಲ್ಪ ಮುಂದೆ ಹದಿನಾಲ್ಕು ನಿಮಿಷ ನಿಲ್ಲುತ್ತಿತ್ತು. ಕೆಟ್ಟು ನಿಲ್ಲುವುದಲ್ಲ, ಪೊಲೀಸರು ಕೈ ಅಡ್ಡ ಮಾಡಿದ್ದಕ್ಕೆ ನಿಲ್ಲುವುದೂ ಅಲ್ಲ. ನಿಲ್ಲಬೇಕು ಅಂತಲೇ ನಿಲ್ಲುವುದು. ಇದನ್ನು ಅವನಿಗೆ ಹೇಳಿದ್ದು ಮನುಷ್ಯರಲ್ಲ, ಅಂಗಿ ಜೇಬಿನಲ್ಲಿದ್ದ ಫೋನು.

ಕುಮಟೆಯ ಹೊರಗೆ ಹೆದ್ದಾರಿ ಬದಿಗೆ ದೊಡ್ಡ ಗೋಡೌನು ಕಟ್ಟಿಕೊಂಡು ಬಂದ ಕಂಪನಿಯೊಂದು ಎರಡು ತಿಂಗಳ ಹಿಂದೆ ದುರ್ಗಪ್ಪನ ಲಾರಿಯನ್ನು ಗೊತ್ತು ಮಾಡಿಕೊಂಡಿತ್ತು. ಕುಮಟೆಯಲ್ಲಿ ಪಾರ್ಸೆಲ್ಲು ತುಂಬಿ, ಬಾಗಿಲಿಗೆ ಸೀಲು ಹಾಕಿ, ಹೊನ್ನಾವರದ ಮೇಲೆ ಭಟ್ಕಳಕ್ಕೆ ತಂದು ಇಳಿಸುವುದು. ಫ್ರಿಜ್ಜು, ಮಿಕ್ಸರು, ಮಕ್ಕಳ ಸೈಕಲ್ಲು, ದುಬೈಯಲ್ಲಿ ಕೂತ ಗಂಡ ಫೋನು ಒತ್ತಿ ಇಲ್ಲಿ ಹೆಂಡತಿಗೆ ಕಳಿಸಿದ ಸೀರೆ, ಎಲ್ಲ ಅದರಲ್ಲೇ. ಗೊತ್ತು ಮಾಡಿಕೊಳ್ಳುವಾಗಲೇ ಕಂಪನಿಯವರು ಲಾರಿಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕೂರಿಸಿ, ಲಾರಿ ಎಲ್ಲಿದೆ ಎಂದು ಫೋನಿನಲ್ಲಿ ನೋಡುವುದನ್ನು ದುರ್ಗಪ್ಪನಿಗೆ ಕಲಿಸಿದ್ದರು. ಓಡುವಾಗ ಹಸಿರು ಚುಕ್ಕೆ, ನಿಂತರೆ ಕೆಂಪು.

ಕಲಿಸಬಾರದಿತ್ತು ಅಂತ ನನ್ನ ಅಭಿಪ್ರಾಯ. ನನ್ನನ್ನು ಕೇಳಿದವರು ಯಾರು ಬಿಡಿ.

ಅದಕ್ಕೆ ಮೊದಲು ಲಾರಿ ಬೆಳಿಗ್ಗೆ ಹೋಗುತ್ತಿತ್ತು, ಬರುತ್ತಿತ್ತು. ಡ್ರೈವರ್ ನಾಗು ಬಂದು ಜಗಲಿಯ ಗೂಟಕ್ಕೆ ಕೀಲಿ ತೂಗುಹಾಕಿ, "ಆತು ದುರ್ಗಣ್ಣ, ಬತ್ತೆ" ಅಂದರೆ ಆ ದಿನ ಮುಗಿಯಿತು ಎಂದರ್ಥ. ವರ್ಷಗಟ್ಟಲೆ ಹಾಗೇ ನಡೆದಿತ್ತು. ಇಪ್ಪತ್ತೊಂದು ವರ್ಷದ ಹಿಂದೆ ಬಂದು ಸೇರಿದ ನಾಗು ಲಾರಿ ಕಲಿತದ್ದು ದುರ್ಗಪ್ಪನ ಕೈಯಲ್ಲೇ. ಮೊಣಕಾಲು ಕೈಕೊಟ್ಟು ದುರ್ಗಪ್ಪ ಸ್ಟೇರಿಂಗು ಬಿಟ್ಟು ಹನ್ನೆರಡು ವರ್ಷವಾದರೂ ಆ ಲಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಈಗ ದುರ್ಗಪ್ಪ ಭಟ್ಕಳದ ತನ್ನ ಮನೆ ಜಗಲಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಚುಕ್ಕೆ ಕಾಯುವುದು ಕಲಿತ.

ಮೊದಲ ದಿನ ಕೆಂಪು ಕಂಡಾಗ ಚಾ ಕುಡಿಯುತ್ತಿರಬೇಕು ಅಂದುಕೊಂಡ. ಎರಡನೇ ದಿನ ಅದೇ ಜಾಗ. ಮೂರನೇ ದಿನವೂ ಅದೇ ಜಾಗ, ಅದೇ ಹದಿನಾಲ್ಕು ನಿಮಿಷ. ಚಾ ಅಂಗಡಿ ಅಲ್ಲಿಂದ ಅರ್ಧ ಕಿಲೋಮೀಟರು ಹಿಂದೆಯೇ ಉಳಿದಿತ್ತು. ದುರ್ಗಪ್ಪನ ತಲೆಯಲ್ಲಿ ಹುಳ ಹೊಕ್ಕಿದ್ದು ಅಲ್ಲಿಂದ.

ಲಾರಿ ಮಾಲೀಕನ ತಲೆಗೆ ಮೊದಲು ಬರುವುದು ಡೀಸೆಲ್ಲೇ. ರಸ್ತೆ ಬದಿ ಕ್ಯಾನು ಹಿಡಿದು ಕಾಯುವವರು ಎಲ್ಲ ಊರಿನಲ್ಲೂ ಇದ್ದಾರೆ. ಮರುದಿನ ಲಾರಿ ಬಂದು ನಿಂತದ್ದೇ ತಡ, ನಾಗು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ದುರ್ಗಪ್ಪ ಗೀಟು ಹಾಕಿಟ್ಟ ಬಿದಿರುಕೋಲನ್ನು ಟ್ಯಾಂಕಿಗೆ ಇಳಿಸಿ ನೋಡಿದ. ಎಷ್ಟಿರಬೇಕೋ ಅಷ್ಟಿತ್ತು. ಒಂದು ಬೆರಳೂ ಕಡಿಮೆಯಿಲ್ಲ. ಬೇರೆಯವರಾದರೆ ಉಸ್ಸಪ್ಪ ಅನ್ನುತ್ತಿದ್ದರು. ದುರ್ಗಪ್ಪ ಕೋಲು ಒರೆಸಿ ಇನ್ನೊಂದು ಸಲ ಇಳಿಸಿ ನೋಡಿದ. ಡೀಸೆಲ್ಲಲ್ಲ ಅಂದಮೇಲೆ ಅದಕ್ಕಿಂತ ದೊಡ್ಡದೇ ಏನೋ ಇರಬೇಕು.

ಸೀಲು ಒಡೆದಿರಬಹುದೇ? ಭಟ್ಕಳದಲ್ಲಿ ಮಾಲು ಇಳಿಸಿಕೊಳ್ಳುವ ಭಾಸ್ಕರನಿಗೆ ಫೋನು ಮಾಡಿ ಸುತ್ತಿ ಬಳಸಿ ಕೇಳಿದ. ಸೀಲು ಸರಿಯಾಗೇ ಇರುತ್ತದೆ, ಒಂದು ಪೆಟ್ಟಿಗೆಯೂ ಕಮ್ಮಿ ಬಂದಿಲ್ಲ ಅಂದ ಅವನು. ಹಾಗಾದರೆ ನಾಗು ಅಲ್ಲಿ ಯಾರನ್ನೋ ಕಾಣುತ್ತಿದ್ದಾನೆ. ಯಾರನ್ನು? ಕಂಪನಿಯವರು ಡ್ರೈವರುಗಳಿಗೇ ಸಾಲ ಕೊಡಿಸಿ ಸ್ವಂತ ಲಾರಿ ಮಾಡಿಸುತ್ತಾರಂತೆ ಎಂಬ ಸುದ್ದಿ ಲಾರಿ ಸ್ಟ್ಯಾಂಡಿನಲ್ಲಿ ಓಡಾಡುತ್ತಿತ್ತು. ತನ್ನ ಹೊಟ್ಟೆಯ ಮೇಲೇ ಹೊಡೆಯುವ ತಯಾರಿ ನಡೆದಿದೆಯೋ ಎಂತದೋ. ಅಂದು ರಾತ್ರಿ ಊಟಕ್ಕೆ ಕೂತವನಿಗೆ ಬಂಗಡೆ ಮೀನಿನ ಸಾರೂ ರುಚಿಸಲಿಲ್ಲ.

"ನಾಗು ಹತ್ರನೇ ಕೇಳಿ. ಬಾಯಿ ಇಲ್ವ ನಿಮ್ಗೆ?" ಅಂದಳು ಹೆಂಡತಿ ರೇಖಾ.

"ಕೇಳಿದ್ರೆ ಹುಷಾರಾಗ್ತ. ಜಾಗ ಬದಲು ಮಾಡ್ತ."

"ಅವ ಬದಲು ಮಾಡದು ಇರ್ಲಿ, ನಿಮ್ಮ ಮಂಡೆ ಮೊದ್ಲು ಬದಲು ಮಾಡ್ಬೇಕು."

ಆದರೂ ಹೆಂಡತಿಯ ಮಾತು ಒಂಚೂರು ನಾಟಿತು ಅನ್ನಿ. ಮರುದಿನ ನಾಗು ಕೀಲಿ ತೂಗುಹಾಕುವಾಗ ದುರ್ಗಪ್ಪ ಪೇಪರಿನಿಂದ ಮುಖ ಎತ್ತದೆ, ಏನೋ ನೆನಪಾದವನ ಹಾಗೆ, "ಧಾರೇಶ್ವರದ ಬದಿಗೆ ಚಾ ಲಾಯ್ಕಿರ್ತದಂತೆ, ಹೌದನ?" ಎಂದ.

"ಯಾರಿಗ್ ಗೊತ್ತು ದುರ್ಗಣ್ಣ. ನಾ ಮನೇಲೇ ಕುಡ್ಕಂಡು ಹೋಗೋದು."

"ಆ ಊರಲ್ಲಿ ನಿಂದು ನೆಂಟರು ಗಿಂಟರು?"

"ಎಂತ ನೆಂಟರು. ನಂಗೆ ಅಲ್ಲಿ ಒಬ್ರ ಗುರ್ತವೂ ಇಲ್ಲ" ಎಂದು ನಾಗು ನಗುತ್ತಾ ಹೋದ. ಆ ನಗು ದುರ್ಗಪ್ಪನಿಗೆ ಸರಿ ಕಾಣಲಿಲ್ಲ. ಇಪ್ಪತ್ತೊಂದು ವರ್ಷ ಅದೇ ನಗು ನೋಡಿದ್ದ, ಒಂದು ದಿನವೂ ಅದು ಸರಿಯೋ ತಪ್ಪೋ ಎಂದು ಯೋಚಿಸಿದವನಲ್ಲ.

ಅಷ್ಟರಲ್ಲಿ ಗೋಡೌನಿನ ಆಫೀಸಿನಿಂದ ಸುಶ್ಮಿತಾ ಫೋನು ಮಾಡಿದಳು. ಲಾರಿಗಳ ಲೆಕ್ಕಾಚಾರ ನೋಡಿಕೊಳ್ಳುವ ಹುಡುಗಿ, ಮಾತು ಮೆತ್ತಗೆ. "ಸರ್, ನಿಮ್ಮ ಗಾಡಿ ದಿನಾ ಒಂದೇ ಕಡೆ ಹದಿನಾಲ್ಕು ನಿಮಿಷ ನಿಲ್ತಾ ಇದೆ. ಕಾರಣ ಹಾಕದಿದ್ರೆ ಗಾಡಿ ನಮ್ಮ ಲೆಕ್ಕದಲ್ಲಿ ಹಸಿರಿಂದ ಹಳದಿಗೆ ಹೋಗ್ತದೆ. ತಿಂಗಳ ಕೊನೆಗೆ ಹಳದಿ ಗಾಡಿಗಳನ್ನ ತೆಗೀತಾರೆ."

"ನಮ್ಮಂಥ ಒಂದ್ ಲಾರಿ ಇದ್ದವ್ರನ್ನ ತೆಗೆದ್ರೆ ನಿಮ್ಮ ಮಾಲು ಹೊರೋರು ಯಾರು?"

"ಹತ್ತಾರು ಲಾರಿ ಇರೋ ದೊಡ್ಡ ಫ್ಲೀಟಿನವರು ಕ್ಯೂ ನಿಂತಿದ್ದಾರೆ ಸರ್. ರಸ್ತೆ ಅಗಲ ಆಯ್ತಲ್ಲ, ರೈಲಿನ ಮೇಲೂ ಲಾರಿ ಹತ್ತಿಸ್ತಾರೆ. ಇನ್ನು ಐದು ವರ್ಷಕ್ಕೆ ಸಣ್ಣ ಮಾಲೀಕರಲ್ಲಿ ಯಾರು ಉಳೀತಾರೆ ಅಂತ ಈ ಬಣ್ಣವೇ ಹೇಳೋದು" ಎಂದಳು ಅವಳು. ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಅದಕ್ಕೇ ದುರ್ಗಪ್ಪನಿಗೆ ಹೆಚ್ಚು ಹೆದರಿಕೆಯಾಯಿತು.

ಭಟ್ಕಳದ ಸ್ಟ್ಯಾಂಡಿನಲ್ಲಿ ಅವನ ಜೊತೆ ಲಾರಿ ಇಟ್ಟಿದ್ದವರಲ್ಲಿ ಈಗ ನಾಲ್ಕೇ ಜನ ಉಳಿದಿದ್ದರು. ಒಬ್ಬ ಲಾರಿ ಮಾರಿ ಕೋಳಿ ಅಂಗಡಿ ಹಾಕಿದ್ದ. ಇನ್ನೊಬ್ಬನ ಲಾರಿ ಟೈರಿಲ್ಲದೆ ಕಲ್ಲುಗಳ ಮೇಲೆ ಕೂತು, ಒಳಗೆ ಬೆಕ್ಕು ಮರಿ ಹಾಕಿತ್ತು. ದುರ್ಗಪ್ಪ ಜಗಲಿಯಲ್ಲಿ ಕೂತು ಫೋನು ತೆರೆದ. ಕಂಪನಿಯವರು ನಿಲ್ಲಲು ಕಾರಣಗಳನ್ನು ತಾವೇ ಬರೆದಿಟ್ಟಿದ್ದರು, ಮಾಲೀಕ ಒಂದನ್ನು ಒತ್ತಿದರೆ ಸಾಕು. ವಾಹನ ಕೆಟ್ಟಿದೆ. ರಸ್ತೆ ಬಂದಾಗಿದೆ. ಅಪಘಾತ. ಚಾಲಕನ ಮೇಲೆ ಮಾಲೀಕರಿಗೆ ನಂಬಿಕೆ ಇಲ್ಲ. ಮೊದಲ ಮೂರೂ ಸುಳ್ಳು. ಸುಳ್ಳು ಒತ್ತುವ ಮನುಷ್ಯ ತಾನಲ್ಲ ಎಂದುಕೊಂಡು ದುರ್ಗಪ್ಪ ನಾಲ್ಕನೆಯದನ್ನು ಒತ್ತಿದ. ಕೆಳಗೆ ಏನಾದರೂ ಬರೆಯಲು ಜಾಗವಿತ್ತು. ಅಲ್ಲೂ ಎರಡು ಸಾಲು ಬರೆದ. ಲಾರಿ ಉಳಿಸಿಕೊಳ್ಳುತ್ತಿದ್ದೇನೆ, ಅಷ್ಟೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುದಿನ ಕಣ್ಣಾರೆ ಹಿಡಿಯಬೇಕು ಎಂದು ಬೆಳಿಗ್ಗೆ ಬಸ್ಸು ಹತ್ತಿದ. ರೇಖಾಳ ಹತ್ತಿರ ಹೊನ್ನಾವರದ ಹಲ್ಲಿನ ಡಾಕ್ಟರ ಬಳಿ ಹೋಗುತ್ತೇನೆ ಅಂದಿದ್ದ. ಧಾರೇಶ್ವರದಲ್ಲಿ ಇಳಿದು, ನೋವಿನ ಮೊಣಕಾಲು ಎಳೆದುಕೊಂಡು, ಚುಕ್ಕೆ ಕೆಂಪಾಗುವ ಜಾಗಕ್ಕೆ ನಡೆದ. ಹೆದ್ದಾರಿ ಬದಿ ಒಂದು ಗೋಳಿಮರ, ಅದರ ಆಚೆ ಯಾರೋ ಇಳಿಸಿ ಬಿಟ್ಟ ಜಲ್ಲಿ ರಾಶಿ. ರಾಶಿಯ ಹಿಂದೆ ಕೊಡೆ ಬಿಡಿಸಿ ಕೂತ. ಅರವತ್ತರ ಹತ್ತಿರದ ಮನುಷ್ಯ, ಊರಲ್ಲಿ ನಾಲ್ಕು ಜನ ಮರ್ಯಾದೆ ಕೊಡುವವನು, ಜಲ್ಲಿ ಹಿಂದೆ ಕಳ್ಳನ ಹಾಗೆ ಕೂತಿದ್ದು ನೋಡಿದ್ದರೆ ನೀವೂ ನಗುತ್ತಿದ್ದಿರಿ.

ಒಂಬತ್ತೂವರೆಗೆ ಲಾರಿ ಬಂತು. ಮರದ ನೆರಳಿಗೆ ನಿಂತಿತು. ನಾಗು ಒಬ್ಬನೇ ಇಳಿದ. ಯಾರೂ ಬರಲಿಲ್ಲ. ಬೈಕಿಲ್ಲ, ಕ್ಯಾನಿಲ್ಲ. ನಾಗು ಸೀಟಿನ ಕೆಳಗಿಂದ ಕಬ್ಬಿಣದ ರಾಡು ಎಳೆದು ತೆಗೆದು, ಮುಂದಿನ ಬಲಗಡೆ ಟೈರಿಗೆ ಹೊಡೆದು, ತಲೆ ಓರೆ ಮಾಡಿ ಸದ್ದು ಕೇಳಿದ. ಹಿಂದೆ ಹೋದ. ಜೋಡಿ ಟೈರುಗಳಲ್ಲಿ ಒಳಗಿನದು ಗಾಳಿ ಬಿಟ್ಟರೆ ಹೊರಗಿಂದ ಕಾಣುವುದಿಲ್ಲ, ಸದ್ದಿನಲ್ಲೇ ಗೊತ್ತಾಗಬೇಕು. ಅವನು ಬಗ್ಗಿ ಒಳಗಿನದಕ್ಕೂ ಹೊಡೆದ. ಆರು ಟೈರೂ ಆದಮೇಲೆ ರಾಡು ಇಟ್ಟು, ನಟ್ಟು ಬಿಗಿಯುವ ಪಾನ ತಂದು ಒಂದೊಂದನ್ನೇ ತಿರುಪಿ ನೋಡಿದ. ಆಮೇಲೆ ಅಂಗೈಯನ್ನು ಚಕ್ರದ ನಡುವೆ ಇಟ್ಟು, ಬಿಸಿ ಎಷ್ಟಾಗಿದೆ ಎಂದು ನೋಡುತ್ತಾ ಸುತ್ತು ಬಂದ. ಮಗುವಿಗೆ ಜ್ವರ ಬಂದರೆ ಹಣೆ ಮುಟ್ಟುತ್ತಾರಲ್ಲ, ಹಾಗೆ.

ದುರ್ಗಪ್ಪ ಕೊಡೆ ಮಡಚಿದ. ಕಲಿಸಿದವನು ತಾನೇ. ಎಷ್ಟೋ ವರ್ಷದ ಹಿಂದೆ ಮಂಕಿ ಊರಿನ ತಿರುವಿನಲ್ಲಿ ತಾನು ಓಡಿಸುತ್ತಿದ್ದ ಲಾರಿಯ ಹಿಂದಿನ ಚಕ್ರ ನಟ್ಟು ಸಡಿಲಾಗಿ ಕಳಚಿ, ಲಾರಿಗಿಂತ ಮುಂದೆ ಓಡಿ, ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿನ ಪಕ್ಕದಲ್ಲೇ ಹಾದು ಗದ್ದೆಗೆ ಬಿದ್ದಿತ್ತು. ಆ ದಿನ ಬದಿಯಲ್ಲಿ ಕೂತಿದ್ದವನು ನಾಗು. "ಲೋಡು ಹಾಕಿ ಹೊರಟು ಹತ್ತು ಕಿಲೋಮೀಟರು ಆದ ಕೂಡ್ಲೆ ಇಳಿಬೇಕು. ಎಷ್ಟೇ ಅರ್ಜಂಟ್ ಇರ್ಲಿ. ಚಕ್ರ ಮುಟ್ಟಿ ನೋಡದೆ ಮುಂದೆ ಹೋದವ ನನ್ನ ಲಾರಿ ಹತ್ತೂದ್ ಬೇಡ" ಎಂದು ಹೇಳಿದವನು ತಾನು. ಕುಮಟೆಯ ಗೋಡೌನಿನಿಂದ ಈ ಮರಕ್ಕೆ ಹತ್ತು ಕಿಲೋಮೀಟರು. ಜಗಲಿಯ ಮೇಲೆ ಕೂತವನು ಮರೆತಿದ್ದ, ಲಾರಿ ಓಡಿಸುವವನು ಮರೆತಿರಲಿಲ್ಲ.

ಎದ್ದು ಹೋಗಿ ಮಾತಾಡಿಸಬೇಕಿತ್ತು. ಮಾತಾಡಿಸಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗುವುದು? ಲಾರಿ ಹೋದಮೇಲೆ ಸುಶ್ಮಿತಾಗೆ ಫೋನು ಮಾಡಿದ.

"ನಾ ನಿನ್ನೆ ಹಾಕಿದ್ದು ತಪ್ಪಾತು ಮೇಡಂ. ಅದನ್ನ ತೆಗೀರಿ."

"ತೆಗೆಯೋಕೆ ಬರಲ್ಲ ಸರ್. ಮಾಲೀಕರೇ ಕೊಟ್ಟ ಕಂಪ್ಲೇಂಟು ತಕ್ಷಣ ಮೇಲೆ ಹೋಗ್ತದೆ. ನಾಗು ಅವರ ಲೈಸೆನ್ಸ್ ನಂಬರು ಮಧ್ಯಾಹ್ನದಿಂದ ನಮ್ಮ ಯಾವ ಗೋಡೌನಿನಲ್ಲೂ ನಡೆಯಲ್ಲ. ನಮ್ಮ ಜೊತೆ ಕೆಲಸ ಮಾಡೋ ಕಂಪನಿಗಳಿಗೂ ತೆಗೆದವರ ಪಟ್ಟಿ ಹೋಗಿರ್ತದೆ." ಆಮೇಲೆ, "ನಿಮ್ಮ ಗಾಡಿ ಹಸಿರಲ್ಲೇ ಉಳಿದಿದೆ ಸರ್. ನಾಳೆಗೆ ಬೇರೆ ಡ್ರೈವರ್ ಕಳಿಸಿ" ಎಂದಳು.

ಮೇಲಿನವರ ನಂಬರು ಕೊಡಿ ಅಂದ. ಕೊಟ್ಟಳು. ಆ ನಂಬರಿನಲ್ಲಿ ಹಿಂದಿ ಮಾತಾಡುವ ಯಂತ್ರವೊಂದಿತ್ತು. ಒಂದು ಒತ್ತಿ, ಎರಡು ಒತ್ತಿ ಎಂದು ಅದು ಹೇಳಿದ್ದನ್ನೆಲ್ಲ ಒತ್ತಿದ. ಕೊನೆಗೆ ಅದೇ ಕಟ್ಟಾಯಿತು.

ಸಂಜೆ ನಾಗು ಬಂದ. ಬೆಳಗಿನಿಂದ ಏನೂ ತಿನ್ನದ ಮುಖ. ಜಗಲಿಯ ಮೆಟ್ಟಿಲ ಮೇಲೆ ಕೂತವನೇ, "ದುರ್ಗಣ್ಣ, ನನ್ನ ತೆಗೆದ್ ಹಾಕಿದ್ರು" ಎಂದ. "ಎಂತ ಮಾಡಿದೆ ಅಂತ ಕೇಳಿದ್ರೆ ಯಾರೂ ಹೇಳೂದಿಲ್ಲ. ಬೇರೆ ಮೂರು ಕಡೆ ಫೋನ್ ಮಾಡಿದೆ. ನಂಬರ್ ಹೇಳಿದ ಕೂಡ್ಲೆ ಬೇಡ ಅಂತ್ರು. ಐವತ್ತು ವರ್ಷಕ್ಕೆ ನಾ ಇನ್ನೆಂತ ಕೆಲ್ಸ ಕಲೀಲಿ?"

ದುರ್ಗಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ನಂಗೆ ಗೊತ್ತು ಯಾರ್ ಮಾಡಿದ್ದು ಅಂತ. ಆ ಲೋಡಿಂಗಿನ ಮಾಬ್ಲೇಶ್ವರ. ಫ್ರಿಜ್ಜು ಅಡ್ಡ ಮಲಗಿಸ್ಬೇಡ ಅಂತ ಹೇಳಿದ್ದೆ, ಅದ್ಕೆ ಸಿಟ್ಟು. ನಾಳೆ ಕುಮಟೆಗೆ ಹೋಗಿ ಅವ್ನ ಕುತ್ತಿಗೆ ಪಟ್ಟಿ ಹಿಡಿದು ಕೇಳ್ತೆ. ನೀವೂ ಒಂದ್ ಮಾತು ಹೇಳಿ ದುರ್ಗಣ್ಣ. ನಾಗು ನನ್ನ ಜೊತೆ ಇಪ್ಪತ್ತೊಂದು ವರ್ಷ ಇದ್ದವ ಅಂತ ನೀವು ಹೇಳಿದ್ರೆ ಕಂಪನಿ ಕೇಳ್ದೆ ಇರ್ತದ?"

ರೇಖಾ ಚಾ ತಂದು ನಾಗುವಿನ ಮುಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ಗಂಡನನ್ನೇ ನೋಡುತ್ತಾ ನಿಂತಳು. ಹಲ್ಲಿನ ಡಾಕ್ಟರ ಸುಳ್ಳು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತೋ ಏನೋ. ಸುಮ್ಮನಿದ್ದರೆ ಎಲ್ಲ ಮಾಬ್ಲೇಶ್ವರನ ತಲೆಗೆ ಹೋಗುತ್ತದೆ, ಎರಡು ದಿನ ಜಗಳ, ಆಮೇಲೆ ತಣ್ಣಗಾಗುತ್ತದೆ. ಇದು ದುರ್ಗಪ್ಪನ ತಲೆಗೆ ಬರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಬಂತು. ಒಂದು ಲೋಟ ಚಾ ಆರುವಷ್ಟು ಹೊತ್ತು ಅಲ್ಲೇ ಇತ್ತು.

"ಮಾಬ್ಲೇಶ್ವರ ಅಲ್ಲ ನಾಗು" ಎಂದ ಕೊನೆಗೆ. "ನಾನೇ."

ನಾಗು ಅವನ ಮುಖ ನೋಡಿದ. ಆಮೇಲೆ ನಕ್ಕುಬಿಟ್ಟ. "ಸುಮ್ನಿರಿ ದುರ್ಗಣ್ಣ. ಅವ್ನ ಉಳಿಸೂಕೆ ನೀವ್ ಎಂತಕೆ ಮೈಮೇಲೆ ಹಾಕ್ಕಂತ್ರಿ? ಜಗಳ ಮಾಡ್ಬೇಡ ಅಂದ್ರೆ ಮಾಡೂದಿಲ್ಲ, ಬಿಡಿ."

"ನಿಜ ಮಾರಾಯ. ಕಂಪ್ಲೇಂಟು ನಾನೇ ಕೊಟ್ಟದ್ದು."

"ನೀವು ಅಂಥವ್ರಲ್ಲ. ನಂಗೆ ಗೊತ್ತಿಲ್ವ?"

ಇಷ್ಟು ದಿನ ನಾಗುವಿನ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡಿದ್ದ ದುರ್ಗಪ್ಪ. ಈಗ ನಾಗು ಇವನ ತಪ್ಪೊಪ್ಪಿಗೆಯನ್ನೂ ನಂಬುತ್ತಿಲ್ಲ. ಬೇರೆ ದಾರಿಯಿರಲಿಲ್ಲ. ದುರ್ಗಪ್ಪ ಜೇಬಿನಿಂದ ಫೋನು ತೆಗೆದು, ನಿನ್ನೆ ಕಳಿಸಿದ್ದನ್ನು ಹುಡುಕಿ ತೆರೆದು ಚಾಚಿದ. ನಾಗು ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ಕಣ್ಣು ಕಿರಿದು ಮಾಡಿದ.

"ಅಕ್ಷರ ಸಣ್ಣದು. ನಂಗೆ ಕಾಣೂದಿಲ್ಲ. ಎಂತ ಇದ್ದು ಅಂತ ನೀವೇ ಓದಿ."

ದುರ್ಗಪ್ಪ ಕನ್ನಡಕ ಸರಿ ಮಾಡಿಕೊಂಡ.

"ಚಾಲಕ ನಾಗು. ಕಾರಣ, ಚಾಲಕನ ಮೇಲೆ ಮಾಲೀಕರಿಗೆ ನಂಬಿಕೆ ಇಲ್ಲ" ಎಂದು ಓದಿದ. ಕೆಳಗೆ ತಾನೇ ಬರೆದ ಸಾಲುಗಳಿದ್ದವು. "ದಾರಿಯಲ್ಲಿ ಕದ್ದು ಯಾರನ್ನೋ ಭೇಟಿ ಮಾಡುತ್ತಾನೆ. ಇವನನ್ನು ಬದಲು ಮಾಡಿದರೆ ನನ್ನ ಅಭ್ಯಂತರ ಇಲ್ಲ. ಸಹಿ, ದುರ್ಗಪ್ಪ."

ನಾಗು ಕುಡಿಯದ ಚಾ ಲೋಟವನ್ನು ಬದಿಗೆ ಸರಿಸಿದ.

"ಇನ್ನೊಂದ್ ಸಲ ಓದಿ" ಎಂದ.

ದುರ್ಗಪ್ಪ ಇನ್ನೊಂದು ಸಲ ಓದಿದ.